ಚಾಂದಬೀಯ ಓಢಣಿ ಹಾರಿಸಿದ ಉಸ್ತಾದ

ಸೇಡಂನಲ್ಲಿ ರೇಡಿಯೋ ಕೆಟ್ಟರೆ ಎರಡು ದಾರಿಗಳಿದ್ದವು. ಒಂದು, ರೈಲು ಹತ್ತಿ ಹೈದರಾಬಾದಿಗೆ ಒಯ್ಯುವುದು. ಇನ್ನೊಂದು, ಗುಲಾಮ ದಸ್ತಗೀರ ಉಸ್ತಾದರ ಅಂಗಡಿಯಲ್ಲಿ ಕೊಟ್ಟು ಮರೆತುಬಿಡುವುದು. ಮರೆತವರಿಗೆ ಎಂದೋ ಒಂದು ದಿನ ಅದು ಮೊದಲಿಗಿಂತ ಚೆನ್ನಾಗಿ ಹಾಡುತ್ತ ವಾಪಸು ಬರುತ್ತಿತ್ತು. ದಿನಾ ಹೋಗಿ ಕೇಳಿದವರಿಗೆ ಬರೀ ಚಹಾ ಸಿಗುತ್ತಿತ್ತು. ನಾನು ಅಂಚೆ ಕಚೇರಿಯ ಗುಮಾಸ್ತ ದೇವಿಂದ್ರಪ್ಪ, ದಿನಾ ಹೋಗಿ ಕೇಳುವ ಗುಂಪಿನವನು. ನನ್ನ ರೇಡಿಯೋ ಅವರ ಹತ್ತಿರ ಹದಿನಾಲ್ಕು ತಿಂಗಳಿಂದ ಇತ್ತು. ಅಷ್ಟು ಚಹಾ ಕುಡಿದ ಮೇಲೆ ಸ್ನೇಹ ಆಗದೆ ಇನ್ನೇನಾಗುತ್ತದೆ?

ಅವರನ್ನು ಊರೆಲ್ಲ ಉಸ್ತಾದ ಎನ್ನುತ್ತಿದ್ದುದು ರೇಡಿಯೋ ಕಾರಣಕ್ಕಲ್ಲ. ಅವರ ಅಜ್ಜ, ಅಪ್ಪ ಇಬ್ಬರೂ ಮೊಹರಂಗೆ ತಾಬೂತು ಕಟ್ಟುವವರು. ಬಿದಿರನ್ನು ದಾರದಷ್ಟು ಸಣ್ಣಗೆ ಸೀಳಿ, ಬಣ್ಣದ ಕಾಗದ ಅಂಟಿಸಿ, ಆಳೆತ್ತರದ ಗೋಪುರವನ್ನು ಇಬ್ಬರು ಎತ್ತುವಷ್ಟು ಹಗುರವಾಗಿ ನಿಲ್ಲಿಸುವ ವಿದ್ಯೆ ಅದು. ಉಸ್ತಾದರು ಆ ವಿದ್ಯೆಯನ್ನೂ ಬಿಡಲಿಲ್ಲ, ರೇಡಿಯೋ ಹುಚ್ಚನ್ನೂ ಬಿಡಲಿಲ್ಲ. ದಾರ ಕಟ್ಟಿದ ಕನ್ನಡಕದೊಳಗಿಂದ ಅವರು ಲೋಕವನ್ನು ನೋಡುವಾಗ ಲೋಕವೂ ರಿಪೇರಿಗೆ ಬಂದಿದೆ ಎಂಬ ಭಾವ ಅವರ ಮುಖದಲ್ಲಿರುತ್ತಿತ್ತು.

ಎಪ್ಪತ್ತಾರನೆಯ ಇಸವಿಯಲ್ಲಿ ಸಿಮೆಂಟು ಕಾರ್ಖಾನೆಯ ಒಬ್ಬ ಎಂಜಿನಿಯರು ಕೆಟ್ಟುಹೋದ ಆಟದ ದೋಣಿಯೊಂದನ್ನು ತಂದುಕೊಟ್ಟರು. ಜರ್ಮನಿಯದಂತೆ. ದಡದಲ್ಲಿ ನಿಂತು ಕೈಯಲ್ಲಿರುವ ಪೆಟ್ಟಿಗೆಯ ಕಡ್ಡಿ ತಿರುಗಿಸಿದರೆ ನೀರಿನಲ್ಲಿರುವ ದೋಣಿ ರೇಡಿಯೋ ಮೂಲಕ ಅಪ್ಪಣೆ ಕೇಳಿಸಿಕೊಂಡು ತಿರುಗುತ್ತಿತ್ತಂತೆ. ಅದು ರಿಪೇರಿಯಾಗುವಷ್ಟರಲ್ಲಿ ಎಂಜಿನಿಯರಿಗೆ ವರ್ಗವಾಗಿ ಎರಡು ಮಳೆಗಾಲ ಕಳೆದಿದ್ದವು. ದೋಣಿ ಉಳಿಯಿತು. ಅದನ್ನು ಸುತ್ತಿ ತಂದಿದ್ದ ಹಳೆಯ ಪತ್ರಿಕೆಯೂ ಉಳಿಯಿತು. ಅದರಲ್ಲಿ ಒಂದು ಚಿತ್ರ. ಗುಡ್ಡದ ಅಂಚಿನಲ್ಲಿ ಒಬ್ಬ ಬಿಳಿ ದೊರೆ ಅಂಥದೇ ಪೆಟ್ಟಿಗೆ ಹಿಡಿದು ನಿಂತಿದ್ದಾನೆ, ಅವನ ತಲೆಯ ಮೇಲೆ ಎಂಜಿನ್ನಿಲ್ಲದ ವಿಮಾನ.

“ಗಾಳಿ ಬಂದು ಗುಡ್ಡಕ್ಕ ಬಡೀತದರಿ. ಮುಂದ ದಾರಿ ಇಲ್ಲಂತ ಮ್ಯಾಲ ಏರ್ತದ. ವಿಮಾನ ಅದರ ಮ್ಯಾಲ ಕುಂದ್ರತದ,” ಎಂದು ಉಸ್ತಾದರು ನನಗೆ ವಿವರಿಸಿದರು. “ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಗಾಳಿ ಎಲ್ಲೀತನ ಅದನೋ ಅಲ್ಲೀತನ ಹಾರೂದೇ.”

“ಅದರಿಂದ ಏನ್ ಉಪಯೋಗ್ರಿ ಉಸ್ತಾದ?”

“ನಿಮ್ಮ ರೇಡಿಯೋದಿಂದ ಏನ್ ಉಪಯೋಗದ?” ಎಂದರು. ಹದಿನಾಲ್ಕು ತಿಂಗಳು ಅದಿಲ್ಲದೆ ಬದುಕಿದ್ದ ನಾನು ಇನ್ನೊಂದು ಚಹಾ ಕುಡಿದೆ.

ವಿಮಾನ ಕಟ್ಟುವ ಕೆಲಸ ಅಂಗಡಿಯಲ್ಲೇ ಶುರುವಾಯಿತು. ಪರದೇಶದವರು ಯಾವುದೋ ಹತ್ತಿಯಂಥ ಹಗುರ ಕಟ್ಟಿಗೆ ಬಳಸುತ್ತಾರಂತೆ. ನಮ್ಮಲ್ಲಿ ಅದೆಲ್ಲಿ? ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿ ಬೆಂಡು ಸಿಗುತ್ತದೆ, ನಮ್ಮ ಕಡೆ ಎಲ್ಲರೂ ಸಣ್ಣವರಿದ್ದಾಗ ಅದರಿಂದ ಬಂಡಿ ಮಾಡಿದವರೇ. ಉಸ್ತಾದರು ಬಿದಿರಿನ ಎಲುಬಿಗೆ ಆ ಬೆಂಡಿನ ಪಕ್ಕೆ ಕೂಡಿಸಿ ಆರಡಿಯ ರೆಕ್ಕೆ ಮಾಡಿದರು. ದೋಣಿಯ ಚುಕ್ಕಾಣಿ ತಿರುಗಿಸುತ್ತಿದ್ದ ಎರಡು ಪುಟ್ಟ ಮೋಟಾರುಗಳು ಬಾಲಕ್ಕೆ ಬಂದವು. ಬಾಲ ಭಾರವಾಯಿತು, ಮೂತಿಗೆ ತೂಕ ಬೇಕಾಯಿತು. ಎಲ್ಲ ಕಡೆ ಸೀಸ ಹಾಕುತ್ತಾರೆ ಎಂದು ಪತ್ರಿಕೆಯಲ್ಲಿತ್ತು. ಸೇಡಂನಲ್ಲಿ ಕಲ್ಲು ಬಿಟ್ಟು ಸೀಸ ಹುಡುಕುವ ಮೂರ್ಖ ಯಾರು? ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡುವ ಚಂದ್ರಾಮ ಸಾಬೂನಿನಷ್ಟು ಕಲ್ಲು ಕೊರೆದು, ಅಭ್ಯಾಸಬಲದಿಂದ ನಾಲ್ಕೂ ಮಗ್ಗುಲು ಹೊಳಪು ಕೊಟ್ಟು ತಂದ. ಉಸ್ತಾದರು ಕಲ್ಲು ಹಾರಿಸುತ್ತಾರಂತೆ ಎಂಬ ಸುದ್ದಿ ಕೇಳಿ ಚಿತ್ತಾಪುರದಿಂದಲೂ ಜನ ಬಂದು ನೋಡಿಹೋದರು.

ಅವರ ಪ್ರಾಮಾಣಿಕತೆಗೆ ನಾನೇ ಸಾಕ್ಷಿ. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಂಡವರು ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸು ಮಾಡಿಸಬೇಕಿತ್ತು. ವಿಮಾನದೊಳಗೆ ಇರುವುದೂ ರೇಡಿಯೋನೇ ಎಂದು ಉಸ್ತಾದರು ಸಾಲಿನಲ್ಲಿ ನಿಂತರು. ರೇಡಿಯೋ ಎಲ್ಲಿ ಇಡುತ್ತೀರಿ ಎಂದು ಕೇಳಿದೆ. “ಆಸಮಾನದಾಗರಿ,” ಎಂದರು. ನಾನು ಅದನ್ನು ಫಾರಮಿನಲ್ಲಿ ಬರೆಯಲಿಲ್ಲ. ಅದಕ್ಕೆ ಎರಡು ದಿನ ನನ್ನ ಚಹಾ ಬಂದ್ ಮಾಡಿದರು.

ಮೊದಲ ಸಲ ರೆಕ್ಕೆಗೆ ತಾಬೂತಿನ ಕಾಗದವನ್ನೇ ಅಂಟಿಸಿದ್ದರು. ಚಿಂಚೋಳಿ ಕಡೆಯ ಗುಡ್ಡಕ್ಕೆ ಪಡುವಣ ಗಾಳಿ ಬಡಿಯುವುದು ಆಷಾಢದಲ್ಲಿ. ಆಷಾಢದ ಗಾಳಿ ಒಂಟಿಯಾಗಿ ಬರುವುದಿಲ್ಲ, ಜಿಟಿಜಿಟಿ ಮಳೆಯನ್ನೂ ಕರೆದುಕೊಂಡೇ ಬರುತ್ತದೆ. ಕಾಗದ ನೆನೆದು ಜೋತುಬಿದ್ದಿತು. ಒದ್ದೆ ಹಪ್ಪಳವನ್ನು ಯಾರೂ ಹಾರಿಸಲಾರರು. ಬೇಕಾದದ್ದು ರೇಷ್ಮೆ ಎಂದು ಪತ್ರಿಕೆ ಹೇಳಿತು.

ಮನೆಯಲ್ಲಿ ರೇಷ್ಮೆ ಇದ್ದುದು ಒಂದೇ. ಅವರ ಹೆಂಡತಿ ಚಾಂದಬೀ ಮದುವೆಯಲ್ಲಿ ತಲೆಗೆ ಹೊದ್ದಿದ್ದ ಕೆಂಪು ಓಢಣಿ. ಚಾಂದಬೀಯ ತಾಯಿ ಆರು ತಿಂಗಳು ಕೂತು ಅದರ ಸುತ್ತ ತನ್ನ ಕೈಯಿಂದಲೇ ಜರಿ ಹೊಲಿದಿದ್ದರು. ಮಗಳನ್ನು ಕಳಿಸಿಕೊಟ್ಟ ವರ್ಷವೇ ತೀರಿಕೊಂಡರು. ಆ ಓಢಣಿ ಎರಡು ಈದಿಗೆ ಮಾತ್ರ ಟ್ರಂಕಿನಿಂದ ಹೊರಬಂದು, ಬೇವಿನ ಎಲೆಯ ಜೊತೆ ಒಳಗೆ ಹೋಗುತ್ತಿತ್ತು. ಉಸ್ತಾದರು ಬಾಯಿಬಿಟ್ಟು ಕೇಳಲಿಲ್ಲ. ಒಂದು ವಾರ ಊಟಕ್ಕೆ ಕೂತಾಗಲೆಲ್ಲ ರೇಷ್ಮೆಯ ಗುಣಗಾನ ಮಾಡಿದರು, ಅಷ್ಟೇ.

ಅವರ ಮನೆಮಾತು ದಖನಿ ಉರ್ದು. ಆದರೆ ನಾನು ಕೂತಿದ್ದಾಗ ಇಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದರು, ನ್ಯಾಯ ಹೇಳಲು ನನಗೆ ಅನುಕೂಲವಾಗಲೆಂದು. ಎಂಟನೆಯ ದಿನ ಚಾಂದಬೀ ಓಢಣಿ ತಂದು ನನ್ನ ಮುಂದೆಯೇ ಇಟ್ಟರು.

“ಕೇಳ್ರಿ ಭಾಯಿ, ನೀವೇ ಸಾಕ್ಷಿ. ಕತ್ರಿ ಹಾಕೂದಿಲ್ಲ. ವಾರ್ನಿಸ್ ಹಚ್ಚೂದಿಲ್ಲ. ಅಮ್ಮಿ ಜರಿ ಒಂದ್ ಎಳಿ ಬಿಚ್ಚೂದಿಲ್ಲ. ಹ್ಯಾಂಗ ಹೋಗ್ತದೋ ಹಾಂಗೇ ತಿರುಗಿ ಬರಬೇಕು.”

“ಬರ್ತದ,” ಎಂದರು ಉಸ್ತಾದರು. ಅಷ್ಟು ಬೇಗ ಅವರು ಯಾರಿಗೂ ಮಾತು ಕೊಟ್ಟದ್ದನ್ನು ನಾನು ಕಂಡಿರಲಿಲ್ಲ.

ಅದಕ್ಕೂ ಮುಂಚೆ ಅವರು ಬರೀ ಎಲುಬಿನ ವಿಮಾನವನ್ನು ನಮ್ಮ ಅಂಚೆ ಕಚೇರಿಯ ಕಟ್ಟೆಯ ಮೇಲಿಟ್ಟು, ತಾವು ಮಸೀದಿಯ ಆಚೆ ಹೋಗಿ ನಿಂತು, ಕಡ್ಡಿ ತಿರುಗಿಸಿ ಪರೀಕ್ಷೆ ಮಾಡಿದ್ದರು. ಬಾಲ ಚಾಚೂ ತಪ್ಪದೆ ಅಪ್ಪಣೆ ಪಾಲಿಸಿತ್ತು. ಓಢಣಿಯನ್ನು ಚಾಂದಬೀ ರೆಕ್ಕೆಗೆ ದಿಂಬಿನ ಚೀಲದಂತೆ ತಾವೇ ಹೊಲಿದರು, ಅಕ್ಕಿ ಗಂಜಿ ಹಚ್ಚಿದರು, ರೇಷ್ಮೆ ತಬಲಾದ ಹಾಗೆ ಬಿಗಿಯಿತು. ಆಮೇಲೆ ಅದನ್ನು ಬೀದಿಗೆ ತರಗೊಡಲಿಲ್ಲ. ಧೂಳು, ಜನರ ದೃಷ್ಟಿ. ಒಮ್ಮೆ ಪರೀಕ್ಷೆಯಾದದ್ದನ್ನು ಇನ್ನೊಮ್ಮೆ ಯಾಕೆ ಮಾಡಬೇಕು ಎಂದು ಉಸ್ತಾದರೂ ಸುಮ್ಮನಾದರು.

ಎಂಬತ್ತರ ಆಷಾಢದ ಒಂದು ರವಿವಾರ ಉಸ್ತಾದರು, ಚಂದ್ರಾಮ, ನಾನು ಚಿಂಚೋಳಿ ಬಸ್ಸು ಹತ್ತಿದೆವು. ಚಾದರ ಸುತ್ತಿದ ರೆಕ್ಕೆಯನ್ನು ಕಂಡು ಕಂಡಕ್ಟರು, “ಮೊಹರಂ ಇನ್ನ ಭಾಳ ದೂರ ಅದಲ್ರಿ ಉಸ್ತಾದ,” ಎಂದ. ಹಾರುವ ವಿಮಾನ ಎಂದು ಹೇಳಿದ ಮೇಲೆ, ಹಾಗಿದ್ದರೆ ಬಸ್ಸು ಯಾಕೆ ಬೇಕು ಎಂದು ಕೇಳಿದ.

ಗುಡ್ಡದ ಅಂಚಿನಲ್ಲಿ ಗಾಳಿ ಧೋತರವನ್ನು ಸೊಂಟದ ಮೇಲೆ ಉಳಿಯಗೊಡುತ್ತಿರಲಿಲ್ಲ. ಚಂದ್ರಾಮ ಓಡಿ ಬಂದು ವಿಮಾನವನ್ನು ಗಾಳಿಯೆದುರಿಗೆ ಎಸೆದ. ಅದು ಒಂದಾಳು ಕೆಳಗಿಳಿಯಿತು, ತಡೆಯಿತು, ಆಮೇಲೆ ಯಾರೋ ಕೆಳಗಿನಿಂದ ಅಂಗೈ ಕೊಟ್ಟು ಎತ್ತಿದಂತೆ ಮೇಲೆ ಬಂತು. ಎರಡು ವರ್ಷ ನಾನು ಆ ಕೆಲಸವನ್ನು ಕಂಡು ನಕ್ಕಿದ್ದೆ. ಕೆಂಪು ರೆಕ್ಕೆ ನನ್ನ ಕಣ್ಣೆತ್ತರಕ್ಕೆ ಬಂದು, ಜರಿ ಮಿಂಚಿಸಿ, ಸದ್ದಿಲ್ಲದೆ ತಿರುಗಿ ಹೋದಾಗ ನನ್ನ ಕಣ್ಣಲ್ಲಿ ನೀರು ಬಂತು. ಉಸ್ತಾದರು ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ.

ಸ್ವಲ್ಪ ದೂರ ಹೋಗಲಿ ಎಂದು ಬಿಟ್ಟರು. ಹೋಯಿತು. ತಿರುಗು ಎಂದರು. ತಿರುಗಲಿಲ್ಲ. ಕಡ್ಡಿಯನ್ನು ಮತ್ತೆ ಮತ್ತೆ ಒತ್ತಿದರು, ಪೆಟ್ಟಿಗೆಯನ್ನು ತಲೆಯ ಮೇಲೆ ಎತ್ತಿ ಹಿಡಿದರು. ಅದು ತನ್ನ ಪಾಡಿಗೆ ತಾನು ಒಂದು ಸುತ್ತು ಹಾಕಿ, ನಮ್ಮಿಂದ ಬಹುದೂರದಲ್ಲೇ ಗುಡ್ಡ ದಾಟಿ, ಗಾಳಿಯ ಜೊತೆ ಮೂಡಣಕ್ಕೆ ಹೊರಟುಹೋಯಿತು. ಕುಂಕುಮದ ಬೊಟ್ಟಿನಷ್ಟಾಯಿತು, ಆಮೇಲೆ ಏನೂ ಇಲ್ಲ. ಸಂಜೆಯ ತನಕ ಹುಡುಕಿದೆವು.

ಚಾಂದಬೀ ಪೂರ್ತಿ ಕೇಳಿಸಿಕೊಂಡರು, ಎದ್ದು ಒಳಗೆ ಹೋದರು. ಬೈದಿದ್ದರೆ ಉಸ್ತಾದರಿಗೆ ಜೀವ ಹಗುರಾಗುತ್ತಿತ್ತು. ಹತ್ತು ದಿನ ಅಡುಗೆ ಮಾಡಿ ಬಡಿಸಿದರು, ಒಂದು ಮಾತೂ ಆಡಲಿಲ್ಲ. ಉಸ್ತಾದರು ನನ್ನ ಕೌಂಟರಿನ ಮುಂದೆ ಬಂದು ಏನೂ ಕೊಳ್ಳದೆ ನಿಂತಿರುತ್ತಿದ್ದರು.

ಹನ್ನೊಂದನೆಯ ದಿನ ಅದೇ ಕಂಡಕ್ಟರು ಸುದ್ದಿ ತಂದ. ಗುಡ್ಡದ ಹಿಂದಿನ ಇಪ್ಪತ್ತು ಮನೆಯ ಹಳ್ಳಿಯೊಂದರಲ್ಲಿ ದರ್ಗಾಕ್ಕೆ ಆಕಾಶದಿಂದ ಕೆಂಪು ಚಾದರ ಬಂದಿದೆಯಂತೆ. ಈ ಸಲ ಚಾಂದಬೀಯೂ ಬಂದರು.

ಬೇವಿನ ಮರದ ಕೆಳಗೆ ಒಂದು ಗೋರಿ. ಅದರ ಮೇಲೆ ಓಢಣಿ, ಅದರ ಮೇಲೆ ಹೂವು, ಊದಿನಕಡ್ಡಿ. ತನ್ನ ತೊಗರಿ ಹೊಲದಲ್ಲಿ ಅದನ್ನು ಕಂಡ ಸಾಬಮ್ಮ ಎಂಬ ರೈತ ಹೆಂಗಸು ಹೊಲಿಗೆ ಬಿಡಿಸಿ ತಂದು ಗೋರಿಗೆ ಹೊದಿಸಿದ್ದಳು. “ಹೊಲದಾಗ ಮಂದಿ ಇಲ್ಲ, ಮರ ಇಲ್ಲ. ಮ್ಯಾಲಿಂದ ಬಂದದ ಅಂದಮ್ಯಾಗ ನಾ ಹ್ಯಾಂಗ ಇಟ್ಕೋಲಿ ಯವ್ವಾ?” ಎಂದಳು. ವಿಮಾನದ ಉಳಿದ ಭಾಗವನ್ನು ಕೊಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಳು.

ಉಸ್ತಾದರು ಗಾಳಿ, ಗುಡ್ಡ, ರೇಡಿಯೋ ಎಲ್ಲವನ್ನೂ ವಿವರಿಸಿ, ಇದು ಪವಾಡವಲ್ಲ ಎಂದರು. ಗೋರಿ ನೋಡಿಕೊಳ್ಳುವ ಮಜೀದಸಾಬರು ಶಾಂತವಾಗಿ ಕೇಳಿ, “ಗಾಳಿ ಯಾರದರಿ ಉಸ್ತಾದ?” ಎಂದರು.

ಅಲ್ಲಿಗೆ ಉಸ್ತಾದರ ವಿಜ್ಞಾನ ಮುಗಿಯಿತು. ಚಾಂದಬೀ ಮುಂದೆ ಬಂದರು. “ನಮ್ಮ ಅಮ್ಮಿ ಕೈಲೆ ಹೊಲದದ್ದರಿ ಬಾಬಾ. ನನಗ ಬೇಕು,” ಎಂದರು.

ಹೊದಿಸಿದ್ದನ್ನು ಎಳೆದು ಕೊಡುವ ಪದ್ಧತಿ ಇಲ್ಲ, ಎಂದರು ಮಜೀದಸಾಬರು. ಆದರೆ ಹೊಸ ಚಾದರ ಬಂದರೆ ಹಳೆಯದು ಪ್ರಸಾದವಾಗಿ ಯಾರಿಗಾದರೂ ಹೋಗಲೇಬೇಕು. ಉಸ್ತಾದರು ಚಿಂಚೋಳಿ ಬಜಾರಿಗೆ ಹೋಗಿ ಹಸಿರು ಚಾದರ ತಂದರು. ಅದನ್ನು ಹೊದಿಸಿ, ಅಡಿಯಿಂದ ಓಢಣಿಯನ್ನು ಜಾರಿಸಿ ತೆಗೆದು, ಮಜೀದಸಾಬರು ಚಾಂದಬೀಯ ತಲೆಯ ಮೇಲೆ ಹಾಕಿದರು. ತಾಯಿ ಹೊದಿಸಿದ ಮೇಲೆ ಅದನ್ನು ಇನ್ನೊಬ್ಬರ ಕೈಯಿಂದ ಹೊದ್ದದ್ದು ಅದೇ ಮೊದಲು. ಅವರು ಅಲ್ಲೇ ಕೂತು ಅತ್ತರು.

ತಿರುಗಿ ಬರುವ ಬಸ್ಸಿನಲ್ಲಿ ಚಾಂದಬೀ ಹನ್ನೊಂದು ದಿನದ ನಂತರ ಗಂಡನೊಡನೆ ಮೊದಲ ಮಾತು ಆಡಿದರು. “ಯಾಕ ಹೋಯ್ತದು?”

“ಸೆಲ್ಲು ಸೋತವು,” ಎಂದರು ಉಸ್ತಾದರು.

ನಿಜ ಬೇರೆ ಇತ್ತು. ಮರುದಿನ ಅಂಗಡಿಯ ಬಾಗಿಲು ಮುಂದೆ ಮಾಡಿ ನನಗೆ ತೋರಿಸಿದರು. ಅಪ್ಪಣೆ ಕೇಳಿಸಿಕೊಳ್ಳುವ ಏರಿಯಲ್ ತಂತಿಯನ್ನು ಅವರು ರೆಕ್ಕೆಯ ಅಂಚಿನಗುಂಟ ಎಳೆದಿದ್ದರು. ಅದರ ಮೇಲೆಯೇ ಜರಿ ಕೂತಿತ್ತು. ಜರಿ ಎಂದರೆ ಲೋಹ. ಹತ್ತಿರವಿದ್ದಾಗ ಹೇಗೋ ನಡೆಯಿತು, ದೂರ ಹೋದಾಗ ಜರಿ ರೇಡಿಯೋದ ಕಿವಿ ಮುಚ್ಚಿತು. ಏರಿಯಲ್ ಹತ್ತಿರ ತಗಡು ಇಡಬೇಡಿ ಎಂದು ಸೇಡಂಗೆಲ್ಲ ಪಾಠ ಹೇಳಿದ ಮನುಷ್ಯ. ಹೆಂಡತಿಯ ಓಢಣಿಯಲ್ಲಿ ಲೋಹವಿದೆ ಎಂದು ಯಾವ ಗಂಡನಿಗೆ ಹೊಳೆಯುತ್ತದೆ?

“ಅವರಮ್ಮನ ಜರಿನೇ ಬೀಳ್ಸಿತು ಅಂತ ಹ್ಯಾಂಗ ಹೇಳ್ಲಿ ದೇವಿಂದ್ರಪ್ಪನೋರೆ? ತಪ್ಪು ಸೆಲ್ ಮ್ಯಾಲೇ ಇರಲಿ,” ಎಂದರು. ವಿಮಾನದ ಎಲುಬು ಅಟ್ಟಕ್ಕೇರಿತು. ಆಮೇಲೆ ಊರು ಗಾಬರಿಯಾಗುವಂಥದ್ದು ನಡೆಯಿತು. ಉಸ್ತಾದರು ಎಲ್ಲರ ರಿಪೇರಿಯನ್ನೂ ಒಂದೇ ವಾರದಲ್ಲಿ ಮುಗಿಸಿಕೊಟ್ಟರು. ನನ್ನ ರೇಡಿಯೋ ಮನೆಗೆ ಬಂತು. ಅದು ಚೆನ್ನಾಗಿ ಹಾಡಿದಷ್ಟೂ ನನಗೆ ಸಂಕಟವಾಯಿತು.

ಆದರೆ ಉಸ್ತಾದರು ಏನನ್ನೂ ಎಸೆಯುವವರಲ್ಲ. ವಿಮಾನ ಬಿದ್ದ ಹೊಡೆತಕ್ಕೆ ಸೆಲ್ಲಿನ ತಂತಿ ಕಿತ್ತುಹೋಗಿ, ಸೆಲ್ಲುಗಳು ಖರ್ಚಾಗದೆ ಉಳಿದಿದ್ದವು. ಅವನ್ನೇ ಚಾಂದಬೀಯ ಕಣ್ಣೆದುರೇ ಅಡುಗೆಮನೆಯ ಸಣ್ಣ ರೇಡಿಯೋಕ್ಕೆ ಹಾಕಿದ್ದರು. ಒಂದು ಸಂಜೆ ಚಾಂದಬೀ ನನ್ನನ್ನು ಕರೆಸಿ ಹಾಡುತ್ತಿದ್ದ ರೇಡಿಯೋ ತೋರಿಸಿದರು.

“ಭಾಯಿ, ನೀವು ಓದಿದವರು. ಸೋತ ಸೆಲ್ಲು ಹದಿನೈದು ದಿನ ಹ್ಯಾಂಗ ಹಾಡ್ತಾವ?”

ನಾನು ಉಸ್ತಾದರ ಕಡೆ ನೋಡಿದೆ. ಉಸ್ತಾದರು ನೆಲ ನೋಡಿದರು. ಸುಳ್ಳು ಹೇಳಿ ರೂಢಿಯಿಲ್ಲದವರು ಸಾಕ್ಷಿಯನ್ನು ಹೀಗೆ ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಎಲ್ಲ ಒಪ್ಪಿಕೊಂಡರು. ಮರುದಿನ ಚಾಂದಬೀ ಓಢಣಿಯನ್ನು ಟ್ರಂಕಿನಿಂದ ಹೊರತೆಗೆದರು. ಮೂರು ದಿನ ಬಾಗಿಲಲ್ಲಿ ಬೆಳಕಿಗೆ ಕೂತು, ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಡಿಸಿದರು. ಜರಿಯನ್ನು ಸುತ್ತಿ ಡಬ್ಬಿಗೆ ಹಾಕಿದರು. ರೇಷ್ಮೆಯನ್ನು ಗಂಡನ ತೊಡೆಯ ಮೇಲೆ ಇಟ್ಟರು.

“ಅಮ್ಮಿ ಕೈ ಜರ್ಯಾಗ ಅದ. ಅದು ಮನ್ಯಾಗ ಇರಲಿ. ರೇಷ್ಮಿ ಹೈದರಾಬಾದ ಅಂಗಡೀದು. ಅದು ಹೋಗಲಿ ಮ್ಯಾಲ.”

ಶ್ರಾವಣದಲ್ಲಿ ಗಾಳಿ ಇನ್ನೂ ಇತ್ತು. ಈ ಸಲ ಬಟ್ಟೆ ಹೊಲಿದ ಮೇಲೆ ಮಸೀದಿಯ ಆಚೆಯಿಂದ ಮತ್ತೆ ಪರೀಕ್ಷೆಯಾಯಿತು, ದೃಷ್ಟಿಗೆ ಚಾಂದಬೀಯೇ ಮೆಣಸಿನಕಾಯಿ ಸುಟ್ಟರು. ಚಾಂದಬೀಯೂ ಜೊತೆಗೆ ಗುಡ್ಡ ಹತ್ತಿದರು. ಎಲ್ಲ ಸಿದ್ಧವಾದ ಮೇಲೆ ಉಸ್ತಾದರು ವಿಮಾನವನ್ನು ಚಂದ್ರಾಮನ ಕೈಗೆ ಕೊಡಲೊಲ್ಲರು. ಎದೆಗೆ ಅವುಚಿಕೊಂಡು ನಿಂತರು. ಗಾಳಿ ಜೋರದ ಎಂದರು, ಮೋಡ ಅದ ಎಂದರು. ಕೊನೆಗೆ ನಿಜ ಹೇಳಿದರು, “ಈ ಸಲನೂ ಹೋಯ್ತಂದ್ರ?”

ಚಾಂದಬೀ ಅದನ್ನು ಅವರ ಕೈಯಿಂದ ಬಿಡಿಸಿಕೊಂಡರು. ಸೆರಗು ಸಿಕ್ಕಿಸಿ, ನಾಲ್ಕು ಹೆಜ್ಜೆ ಓಡಿ, ಅಂಚಿನಲ್ಲಿ ನಿಂತು ಗಾಳಿಯೆದುರಿಗೆ ಎಸೆದರು. ಅದು ಇಳಿಯಿತು, ತಡೆಯಿತು, ಏರತೊಡಗಿತು. ಉಸ್ತಾದರು ಪೆಟ್ಟಿಗೆ ಹಿಡಿದು ಹೆಂಡತಿಯನ್ನೇ ನೋಡುತ್ತ ನಿಂತುಬಿಟ್ಟಿದ್ದರು.

“ಮ್ಯಾಲ ನೋಡ್ರಿ,” ಎಂದರು ಚಾಂದಬೀ. “ನನ್ನೇನ್ ನೋಡ್ತೀರಿ, ನಾ ಎಲ್ಲೂ ಹೋಗೂದಿಲ್ಲ.”