ಕೊಡೆ ಮಾವನ ಕೊನೆಯ ಬಾಗಿಲು

ವಾದ್ಯಗಾರರ ಬೀದಿಯನ್ನು ಪ್ರವಾಸಿಗರಿಗೆ ತೋರಿಸುವ ಗೈಡು ಕೊಡೆ ಮಾವ ಮಡಚಿದ ಕೆಂಪು ಕೊಡೆ ಎತ್ತಿ ಹೊರಟನೆಂದರೆ, ಸುಳ್ಳುಗಳ ಮೆರವಣಿಗೆಯೂ ಹೊರಟಿತೆಂದೇ ಲೆಕ್ಕ. ಹೋದ ವಾರ ಕೊಂಡ ಪಿಟೀಲು ಅವನ ಬಾಯಲ್ಲಿ ಮುನ್ನೂರು ವರ್ಷದ್ದಾಗುತ್ತದೆ; ಅನುಮಾನಪಟ್ಟವರಿಗೆ, "ನಾದಕ್ಕೆ ವಯಸ್ಸು ಕೇಳ್ತಾರಾ ಸ್ವಾಮಿ?" ಎನ್ನುತ್ತಾನೆ. ಬೀದಿಯ ಕೊನೆಮನೆಯ ಕ್ಲಾರಿನೆಟ್ ಅಜ್ಜ ಮಧ್ಯಾಹ್ನವೆಲ್ಲ ಗೊರಕೆ ಹೊಡೆಯುತ್ತಿದ್ದದ್ದು ಊರಿಗೇ ಗೊತ್ತು, ಮಾವ ಮಾತ್ರ ಆ ಬಾಗಿಲಲ್ಲಿ ತುಟಿಗೆ ಬೆರಳಿಟ್ಟು, "ಶ್! ಒಳಗೆ ಅಭ್ಯಾಸ ನಡೀತಿದೆ" ಎನ್ನುತ್ತಿದ್ದ, ಪ್ರವಾಸಿಗರು ತುದಿಗಾಲಲ್ಲಿ ದಾಟುತ್ತಿದ್ದರು. ಕೊರೊನಾ ಬಂದು ಪ್ರವಾಸಿಗರ ಸುಳಿವೇ ಇಲ್ಲದಾಗಲೂ ಅವನ ನಾಲಿಗೆ ಸುಮ್ಮನಿರಲಿಲ್ಲ. ಮಾಸ್ಕ್ ತೊಟ್ಟು, ಕೊಡೆ ಎತ್ತಿ, ಎರಡು ಬೀದಿನಾಯಿಗಳಿಗೇ ಪಿಟೀಲಿನ ಚರಿತ್ರೆ ಒಪ್ಪಿಸಿದ. "ಲೋ, ನಿನ್ನೆ ಮುನ್ನೂರು ಅಂದೆ, ಇವತ್ತು ನಾನೂರಾ?" ಎಂದು ಡೋಲಿನವನ ಹೆಂಡತಿ ಕಿಟಕಿಯಿಂದ ಕೂಗಿದರೆ, "ಮನೇಲಿ ಕೂತ್ರೆ ವಯಸ್ಸು ಬೇಗ ಏರುತ್ತೆ ಅಕ್ಕಾ!" ಎಂದ, ಕೆಲಸವಿಲ್ಲದೆ ಕಿಟಕಿ ಕಾಯುತ್ತಿದ್ದ ವಾದ್ಯಗಾರರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಪ್ರವಾಸಿಗರು ಮರಳಿದ್ದಾರೆ. ಕ್ಲಾರಿನೆಟ್ ಅಜ್ಜ ಆ ರೋಗಕ್ಕೇ ತೀರಿಕೊಂಡ, ಮನೆಗೆ ಬೀಗ ಬಿದ್ದಿದೆ. ಮಾವ ಆ ಬಾಗಿಲ ಮುಂದೆ ಮಾತ್ರ ಕೊಡೆ ಬಿಚ್ಚಿ, ಬೀಗ ಕಾಣದಂತೆ ಅಡ್ಡ ಹಿಡಿದು, "ಶ್! ಒಳಗೆ ಅಭ್ಯಾಸ ನಡೀತಿದೆ" ಎನ್ನುತ್ತಾನೆ, ಅವನ ಒಂದು ಮಾತನ್ನೂ ಎಂದೂ ನಂಬದ ಬೀದಿ, ಆಗ ಬಾರಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತದೆ.