ಸುಮ್ನೆ ಓಡುವ ಫ್ಯಾನು

ಹೊಸದುರ್ಗದ ಹತ್ತಿರದ ಒಂದು ತೆಂಗಿನ ನಾರಿನ ಕಾರ್ಖಾನೆಗೆ ವಿದ್ಯುತ್ ಬಳಕೆಯ ತಪಾಸಣೆಗೆ ಹೋಗಿದ್ದೆ. ಯಾವ ಯಂತ್ರ ಎಷ್ಟು ಕರೆಂಟು ಎಳೆಯುತ್ತದೆ, ಎಲ್ಲಿ ಪೋಲಾಗುತ್ತದೆ ಎಂದು ಅಳೆದು ಹೇಳುವುದು ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿದ ಚಟವೊಂದು ಜೊತೆಗಿತ್ತು: ಯಾರು ಏನೇ ಹೇಳಲಿ, 'ಆಧಾರ ಏನು?' ಎನ್ನುವುದು.

ನಾರಿನಿಂದ ಪುಡಿ ಬೇರೆ ಮಾಡುವ ಜರಡಿಯ ಶೆಡ್ಡಿನಲ್ಲಿ, ಗೋಡೆಯ ಮೇಲೆ, ಗಾಳಿಯನ್ನು ಹೊರಕ್ಕೆ ತಳ್ಳುವ ದೊಡ್ಡ ಫ್ಯಾನು. ಜರಡಿ ನಿಂತಿದ್ದರೂ ಅದು ತಿರುಗುತ್ತಲೇ ಇತ್ತು. ಯಾಕೆಂದು ಯಂತ್ರಗಳನ್ನು ನೋಡಿಕೊಳ್ಳುವ ಮಿಸ್ತ್ರಿಯನ್ನು ಕೇಳಿದೆ.

"ಅದಾ? ಈಗ ಸುಮ್ನೆ ಓಡ್ತೈತೆ ಬಿಡ್ರಿ ಮೇಡಂ."

'ಕೆಲಸವಿಲ್ಲದೆ ಓಡುವ ಯಂತ್ರ' ಎಂದು ಬರೆದುಕೊಂಡೆ.

ಜರಡಿಯ ಪಕ್ಕದಲ್ಲಿ ನಾರು ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿದಳು. "ಧೂಳು ಎಳ್ಕಂಡು ಹೋಗ್ತೈತೆ ಕಣವ್ವ ಅದು."

"ಬಾಗಿಲು ತೆಗೆದೇ ಇದೆಯಲ್ಲಮ್ಮ. ಅಲ್ಲಿಂದ ಹೋಗಲ್ವಾ?"

"ಹೋಗ್ತೈತೆ, ಆದ್ರೆ..."

"ಜರಡಿ ನಿಂತಾಗ ಯಾವ ಧೂಳು?"

ಅವಳು ನಕ್ಕುಬಿಟ್ಟಳು. "ನಿನ್ ಬಾಯಿಗೆ ನಾನೆಲ್ಲಿ ಬರ್ಲಿ, ತಾಯಿ!"

"ಲಾಯರ್ ಆಗ್ಬೇಕಿತ್ತು ನೀವು," ಎಂದ ಮಿಸ್ತ್ರಿ. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅರ್ಧ ದಿನ ಫ್ಯಾನು ನಿಲ್ಲಿಸಿ ಆ ಶೆಡ್ಡಿನಲ್ಲೇ ಕೂತಿದ್ದರೆ ಸಾಕಿತ್ತು. ಕೂರದೆಯೇ, ಫ್ಯಾನು ತೆಗೆಯಬಹುದು ಎಂದು ವರದಿ ಕೊಟ್ಟೆ. ಎಲ್ಲರನ್ನೂ ಆಧಾರ ಕೇಳುವವಳು ನನ್ನನ್ನೇ ಕೇಳಿಕೊಳ್ಳಲಿಲ್ಲ.

ಮೂರು ತಿಂಗಳ ಮೇಲೆ, ಸಲಹೆಗಳು ಜಾರಿಯಾದವೇ ಎಂದು ನೋಡಲು ಹೋದೆ. ಫ್ಯಾನು ಬಿಚ್ಚಿ, ಆ ಕಿಂಡಿಗೆ ತಗಡು ಬಡಿದಿದ್ದರು. ನಾರು ಕಟ್ಟುವ ಆ ಹೆಂಗಸು ಮೂಗು ಬಾಯಿ ಮುಚ್ಚಿ ಸೆರಗು ಬಿಗಿದುಕೊಂಡಿದ್ದಳು. ಹುಬ್ಬಿನ ತುಂಬ ಕಂದು ಪುಡಿ. ಮೊದಲು ಕೆಮ್ಮಿದಳು, ಆಮೇಲೆ ಮಾತಾಡಿದಳು.

"ಬಂದ್ಯಾ ಅವ್ವ? ಊಟ ಆತಾ?"

ಬೈದಿದ್ದರೆ ಎದುರುತ್ತರ ಕೊಡುವುದು ನನಗೆ ಗೊತ್ತಿತ್ತು.

"ಅವತ್ತು 'ಆದ್ರೆ' ಅಂದ್ರಲ್ಲ," ಎಂದೆ. "ಏನು ಹೇಳೋಕೆ ಹೊರಟಿದ್ರಿ?"

"ಜರಡಿ ನಿಂತ್ರೂ ಧೂಳು ನಿಲ್ಲಲ್ಲ ಅಂತ. ಅದು ಕೆಳಗಿಳಿಯಾಕೆ ಹೊತ್ತು ಹಿಡಿತೈತೆ."

ಮಿಸ್ತ್ರಿ ನೆಲ ನೋಡುತ್ತಿದ್ದ. "ನಾನು ಸುಮ್ನೆ ಅಂದಿದ್ದು ಸದ್ದಿಲ್ದೆ ಅಂತ ಮೇಡಂ. ಮೊದ್ಲು ಎಮ್ಮೆ ಒದರ್ದಂಗೆ ಒದರ್ತಿತ್ತು. ನಾನೇ ಹೊಸ ಬೇರಿಂಗ್ ಹಾಕಿದ್ದೆ."

ಅವನು ತನ್ನ ಕೈಗೆಲಸ ತೋರಿಸಿದ್ದ. ನಾನು ಅದನ್ನು ಪೋಲು ಎಂದು ಬರೆದಿದ್ದೆ. ಆದರೂ ತಪ್ಪನ್ನು ಆ ಒಂದು ಪದದ ತಲೆಗೆ ಕಟ್ಟುವಂತಿಲ್ಲ. ಅವಳು ನೇರವಾಗಿಯೇ ಹೇಳಿದ್ದಳಲ್ಲ.

ಮಾಲೀಕರ ಹತ್ತಿರ ಹೋಗಿ ಫ್ಯಾನು ಮತ್ತೆ ಹಾಕಿಸಿ ಎಂದೆ. ಅವರು ನನ್ನದೇ ವರದಿ ತೆಗೆದು ಓದಿದರು: "ಬಾಗಿಲು ಸದಾ ತೆರೆದಿರುವುದರಿಂದ ಫ್ಯಾನಿನ ಅಗತ್ಯವಿಲ್ಲ." ಕನ್ನಡಕದ ಮೇಲಿಂದ ನೋಡಿದರು. "ನೀವೇ ಬರ್ದಿದ್ದು. ಈಗ ಬೇಕು ಅನ್ನಾಕೆ ಆಧಾರ ಏನು ಮೇಡಂ?"

"ಶೆಡ್ಡಲ್ಲಿ ಕೆಮ್ತಾ ಇದ್ದಾರೆ, ಬನ್ನಿ," ಎಂದೆ. ಅವರು ಏಳಲಿಲ್ಲ. ಆ ಸಾಲು ಹೊಡೆದುಹಾಕಿ, 'ಪರೀಕ್ಷಿಸದೆ ಬರೆದೆ, ತಪ್ಪು ನನ್ನದು' ಎಂದು ಪಕ್ಕದಲ್ಲೇ ಬರೆದು ಸಹಿ ಹಾಕಿದೆ. "ನೋಡಾಣ," ಎಂದರು.

ಎರಡು ವಾರದ ಮೇಲೆ ಮಧ್ಯಾಹ್ನ ಮಿಸ್ತ್ರಿಯ ಫೋನು. "ಹಾಕಿದ್ವಿ ಮೇಡಂ! ಊಟದ ಹೊತ್ತು, ಜರಡಿ ನಿಂತೈತೆ. ಕೇಳ್ರಿ, ಹೆಂಗೆ ಸುಮ್ನೆ ಓಡ್ತೈತೆ!"

ಫೋನನ್ನು ಫ್ಯಾನಿನ ಕಡೆ ಹಿಡಿದಿರಬೇಕು. ಫ್ಯಾನಿನ ಸದ್ದೇ ಇರಲಿಲ್ಲ. ಅವಳ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು.