ರೋಮನ್ನರ ಬೂದಿನೀರು, ನನ್ನ ವಿಡಿಯೊ

ಬಡಿಗೇರರು ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಹಾಗೆ ನಮ್ಮ ಇತಿಹಾಸದ ಸರ್ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುತ್ತಿದ್ದರು. ಕಪ್ಪು ಬಣ್ಣ ಹಚ್ಚಿದ ಕೂದಲಲ್ಲಿ ಅದರ ಬಿಳಿ ಗೆರೆ. ಸಂತೆಗೂ, ಮದುವೆ ಊಟಕ್ಕೂ ಆ ಗೆರೆ ಹೊತ್ತುಕೊಂಡೇ ಬರುತ್ತಿದ್ದರು.

ಅಥಣಿ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರ ಪಾಠ ಎಂದೂ ಮುಗಿಯುತ್ತಿರಲಿಲ್ಲ. ಪುಸ್ತಕದಲ್ಲಿ ರೋಮ್ ಒಂದೆರಡು ಪುಟ. ಸರ್ ಅಲ್ಲಿ ಹದಿನೈದು ದಿನ ಬಿಡಾರ ಹೂಡುತ್ತಿದ್ದರು. ರೋಮಿನ ಅಗಸರು ಹಳೆಯ ಉಚ್ಚೆಯಲ್ಲಿ ಬಟ್ಟೆ ತುಳಿದು ತೊಳೆಯುತ್ತಿದ್ದರಂತೆ. ಅದನ್ನು ಕೂಡಿಹಾಕಲು ಗಡಿಗೆ ಇಡುತ್ತಿದ್ದರಂತೆ. ನಮ್ಮ ಕರಾವಳಿಯ ಕಾಳುಮೆಣಸಿಗೆ ಹಡಗು ಕಳಿಸುತ್ತಿದ್ದ ಜನಕ್ಕೆ ಮೆಣಸಿನಕಾಯಿ, ಟೊಮೆಟೊ ಗೊತ್ತೇ ಇರಲಿಲ್ಲವಂತೆ.

"ತಂಬಾಕ ಸುದ್ದಾ ಇರ್ಲಿಲ್ಲ. ನಿಪ್ಪಾಣಿ ಇಲ್ಲದ ರೋಮ್, ನೋಡ್ರಲೇ!" ಅಂತ ತಾವೇ ನಗುತ್ತಿದ್ದರು. ಪರೀಕ್ಷೆ ಹತ್ತಿರ ಬಂದಾಗ ನಮಗೆ ನಗು ಬರುತ್ತಿರಲಿಲ್ಲ.

ನಾವು ಏನೇ ಹೇಳಲಿ, ಅವರದು ಒಂದೇ ಪ್ರಶ್ನೆ: "ಯಾರ ಹೇಳಿದ್ರು?"

"ಎಲ್ಲಾರೂ ಅಂತಾರ್ರಿ ಸರ್."

"ಎಲ್ಲಾರೂ ಅಂದ್ರ ಯಾರೂ ಅಲ್ಲ. ಕುಂದರ."

ತಲೆ ಚಿಟ್ಟು ಹಿಡಿಯುತ್ತಿತ್ತು.

ಒಮ್ಮೆ ಹೇಳಿದರು: ರೋಮನ್ನರು ಬೂದಿನೀರು ಕುದಿಸಿ, ಸ್ವಲ್ಪ ಎಣ್ಣೆ ಬೆರೆಸಿ, ಅದರಲ್ಲಿ ದ್ರಾಕ್ಷಿ ಅದ್ದಿ ಒಣಗಿಸುತ್ತಿದ್ದರು, ಆಗಿನ ಒಕ್ಕಲುತನದವನೊಬ್ಬ ಬರೆದಿಟ್ಟಿದ್ದಾನೆ. ನಮ್ಮಪ್ಪನೂ ಅಲ್ಲೇ ಹತ್ತಿರದ ನಮ್ಮೂರು ಅನಂತಪುರದ ಹೊಲದ ಶೆಡ್ಡಿನಲ್ಲಿ ಕ್ಷಾರದ ಪುಡಿ, ಎಣ್ಣೆ ಕಲಸಿದ ನೀರಿಗೆ ದ್ರಾಕ್ಷಿ ಅದ್ದಿಯೇ ಬಲೆಯ ಮೇಲೆ ಹರವುತ್ತಿದ್ದ. ನಾನು ಎದ್ದು ನಿಂತೆ. "ಸರ್, ರೋಮನ್ನರು ನಮ್ಮಪ್ಪನ್ನ ಕೇಳಿ ಕಲ್ತಿದ್ರೇನ್ರಿ?" ಇಡೀ ವರ್ಗ ನಕ್ಕಿತು.

ಸರ್ ಬೈಯಲಿಲ್ಲ. ಭಾನುವಾರ ಸೈಕಲ್ ಹೊಡೆದುಕೊಂಡು ಶೆಡ್ಡಿಗೇ ಬಂದರು. ಆ ನೀರಿನಲ್ಲಿ ಬೆರಳದ್ದಿ ಉಜ್ಜಿ ನೋಡಿ ಅಪ್ಪನನ್ನು ಕೇಳಿದರು, "ಯಾರ ಹೇಳಿದ್ರು ನಿಮಗ? ನಿಮ್ಮ ತಂದಿಯವರು ಮಾಡ್ತಿದ್ರೇನು?"

"ಎಲ್ಲಿದ್ರಿ! ಅಂವಾ ಜ್ವಾಳ ಬಿತ್ತಾಂವ. ನಾ ಮಹಾರಾಷ್ಟ್ರದ ತಾಸಗಾಂವಿಗೆ ಹೋಗಿ ನೋಡ್ಕೊಂಡ ಬಂದೇನ್ರಿ."

ಸರ್ ಕಿಸೆಯಿಂದ ಚೀಟಿ ತೆಗೆದು ಅದನ್ನೂ ಬರೆದುಕೊಂಡರು. ನಾನು ನಾಚಿಕೆಯಿಂದ ಸತ್ತೆ.

ಈಗ ನನಗೆ ನಲವತ್ತೇಳು. ಅದೇ ಶೆಡ್ಡು ನನ್ನದು. ಮೊಬೈಲಿನಲ್ಲಿ ಕಥೆ ಹೇಳುವ ಚಟ ಬೇರೆ. ಹೋದ ವರ್ಷ ದ್ರಾಕ್ಷಿ ಅದ್ದುತ್ತ ಒಂದು ವಿಡಿಯೊ ಬಿಟ್ಟೆ: "ಎರಡ ಸಾವಿರ ವರ್ಷದ ಹಿಂದ ರೋಮನ್ನರಿಗೆ ದ್ರಾಕ್ಷಿ ಒಣಗಿಸಿ ಮಣೂಕ ಮಾಡೂದ ಕಲಿಸಿದವ್ರು ನಮ್ಮ ಅಥಣಿ ಮಂದಿ!" ಅಂದು ವರ್ಗದಲ್ಲಿ ಚೇಷ್ಟೆಗೆ ಆಡಿದ ಮಾತನ್ನೇ ಈಗ ಎದೆ ತಟ್ಟಿಕೊಂಡು ಹೇಳಿದೆ. ಜನ ಹುಚ್ಚೆದ್ದು ಹಂಚಿದರು.

ಮುಂದೆ ಶಾಲೆಯೊಂದರ ವಸ್ತುಪ್ರದರ್ಶನಕ್ಕೆ, ನಿವೃತ್ತರಾದರೂ ಕಿವಿಯ ಸೀಮೆಸುಣ್ಣ ಬಿಡದ ನಮ್ಮ ಸರ್ ಪರೀಕ್ಷಕರಾಗಿ ಹೋದರು. ಒಬ್ಬ ಹುಡುಗಿ ಒಣದ್ರಾಕ್ಷಿಯ ತಟ್ಟೆ ಹಿಡಿದು ನನ್ನ ವಿಡಿಯೊವನ್ನೇ ಒಪ್ಪಿಸಿದಳು. ಯಾರು ಹೇಳಿದ್ದು ಅಂತ ಕೇಳಿದಾಗ ನನ್ನ ಹೆಸರು ಹೇಳಿದಳು.

ಸಂಜೆಗೆ ಫೋನ್. "ಯಾರ ಹೇಳಿದ್ರಲೇ ನಿನಗ? ನಿಮ್ಮಪ್ಪ ದ್ರಾಕ್ಷಿ ಹಚ್ಚಿದ್ದ ನೀ ಆರನೇ ವರ್ಗದಾಗ ಇದ್ದಾಗ!"

"ಮಂದಿಗೆ ಖುಷಿ ಆಗೇತ್ರಿ ಸರ್, ಇರ್ಲಿ ಬಿಡ್ರಿ."

"ನನ್ನ ಪಾಠದಾಗಿಂದ ಅರ್ಧಾ ತಗೊಂಡು, ಉಳದರ್ಧಾ ಸುಳ್ಳ ಹಚ್ಚೀಯಲ್ಲೋ. ತಪ್ಪಾತು ಅಂತ ಒಂದ ಮಾತ ಹೇಳು. ಆ ಕೂಸಿಗಂತೂ ಹೋಗಿ ಹೇಳು."

"ಹೂಂರಿ" ಅಂದೆ. ಹೋಗಲಿಲ್ಲ. ಎಂಟು ದಿನಕ್ಕೊಮ್ಮೆ ಫೋನ್ ಬರುತ್ತಿತ್ತು. "ಹೋಗಿದ್ದೇನು?" ಈ ಮುದುಕನಿಗೆ ಬೇರೆ ಕೆಲಸವಿಲ್ಲವೇ ಅಂತ ಸಿಟ್ಟು ಬರುತ್ತಿತ್ತು. ಕೊನೆಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟೆ. ಒಂದು ಗುರುವಾರ ಅವರ ನಂಬರಿನಿಂದ ಬಿಟ್ಟೂಬಿಡದೆ ಫೋನ್ ಬಂತು, ಬೇಸತ್ತು ಎತ್ತಿದರೆ ಅವರ ಮಗ ಮಾತಾಡಿದ. ಅಪ್ಪ ಹೋದರು, ಮಣ್ಣು ಮಧ್ಯಾಹ್ನ ಮೂರಕ್ಕೆ ಅಂದ.

ಹೂವಿನ ನಡುವೆ ಆ ಕಿವಿ ಕಂಡಿತು. ಯಾರೋ ತಲೆ ಒರೆಸಿದ್ದರು. ಬಿಳಿ ಗೆರೆ ಇರಲಿಲ್ಲ.

ವಿಡಿಯೊ ತೆಗೆದುಹಾಕಿ ತಪ್ಪೊಪ್ಪಿಕೊಂಡು ಇನ್ನೊಂದು ಹಾಕಿದೆ. ಅದನ್ನು ಯಾರೂ ಹಂಚಲಿಲ್ಲ. ನೋಡಿದ ನಾಲ್ಕು ಜನ, "ನಮ್ಮ ಮಂದಿ ಮರ್ಯಾದೆ ಕಳೀತಿ ಏನಲೇ" ಅಂತ ಉಗಿದರು. ಸುಳ್ಳನ್ನು ಹೊತ್ತು ಕುಣಿದವರೇ ಇವರು! ಯಾರಿಗೆ ಬೈಯಲಿ? ಕುಣಿಸಿದವನು ನಾನೇ.

ಮರುದಿನ ಆ ಶಾಲೆಗೆ ಹೋಗಿ, ಮಾಸ್ತರರ ಎದುರಿಗೇ ಹುಡುಗಿಯನ್ನು ಕರೆಸಿ ಹೇಳಿದೆ. "ತಂಗೀ, ನಾ ಹೇಳಿದ್ದ ಸುಳ್ಳವ್ವಾ. ರೋಮನ್ನರಿಗೆ ನಾವ್ಯಾರೂ ಕಲಿಸಿಲ್ಲ."

"ಗೊತ್ತೈತ್ರಿ ಕಾಕಾ. ಪ್ರದರ್ಶನದ ದಿನಾನ ಆ ಸರ್ ಹೇಳಿದ್ರು."

"ಮತ್ತ ನನಗ ಯಾಕ ಹೋಗಿ ಹೇಳು ಅಂತಿದ್ರು?"

ಹುಡುಗಿ ಮಾಸ್ತರರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು.

"ಅದು ಗೊತ್ತಿಲ್ರಿ. 'ಅಂವಾ ನನ್ನ ಹುಡುಗ, ಬಂದ ಬರ್ತಾನ, ನೋಡ್ತಿರು' ಅಂದಿದ್ರು."